ಆಯಿಲ್ ನೋಡುವ ಕ್ರಮ

ನನ್ನ ಗಂಡನಿಗೆ ಸಿಟ್ಟು ಬರಿಸಲು ದೊಡ್ಡ ತಪ್ಪೇನೂ ಮಾಡಬೇಕಾಗಿಲ್ಲ. ಆಟೋಮ್ಯಾಟಿಕ್ ಗಾಡಿಯ ಎಂಜಿನ್ ಆರಿಸಿ, ಬಾನೆಟ್ ಎತ್ತಿ, ಗೇರ್ ಆಯಿಲಿನ ಕಡ್ಡಿ ಎಳೆದು ನೋಡಿದರೆ ಸಾಕು. "ಎಂಜಿನ್ ಓಡ್ತಿರ್ಬೇಕು ಸ್ವಾಮೀ! ಗಾಡಿ ಬಿಸಿಯಾಗಿರ್ಬೇಕು, ಲಿವರ್ ಪಾರ್ಕಿಂಗಲ್ಲಿರ್ಬೇಕು. ಆರಿಸಿ ನೋಡಿದ್ರೆ ಮೇಲೆ ಓಡಾಡ್ತಿರೋ ಆಯಿಲೆಲ್ಲ ಕೆಳಗಿಳಿದು, ಕಮ್ಮಿ ಇದ್ರೂ ಭರ್ತಿ ಅಂತ ತೋರಿಸುತ್ತೆ!" ಎಂದು ಗಿರಾಕಿಯ ಮುಖಕ್ಕೇ ಕೂಗುತ್ತಾರೆ. ಹದಿನಾಲ್ಕು ವರ್ಷಗಳಿಂದ ಗ್ಯಾರೇಜಿನ ಮೂಲೆಯ ಮೇಜಿನಲ್ಲಿ ಕುಳಿತು ಫೋನ್ ಎತ್ತುವ ನನಗೆ ಈ ಪಾಠ ಬಾಯಿಪಾಠವಾಗಿದೆ. ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ.

ಆ ದಿನ ಮಧ್ಯಾಹ್ನ ಅಕ್ಕ ತನ್ನ ಆಟೋಮ್ಯಾಟಿಕ್ ಪಿಕಪ್ಪನ್ನು ತಂದು ಗ್ಯಾರೇಜಿನ ಮುಂದೆ ನಿಲ್ಲಿಸಿದಳು. ಅಕ್ಕ ಎಂದರೆ ಒಡಹುಟ್ಟಿದವಳಲ್ಲ, ಓರಗಿತ್ತಿ. ನನ್ನ ಗಂಡನ ಅಣ್ಣನ ಹೆಂಡತಿ. ಭಾವ ತೀರಿಕೊಂಡು ಎರಡು ವರ್ಷವಾಗಿತ್ತು. ಅವರು ಬಿಟ್ಟುಹೋದ ಪಿಕಪ್ಪನ್ನು ಮಾರುವುದಿಲ್ಲ ಎಂದು ಹಟ ಹಿಡಿದು, ಡ್ರೈವಿಂಗ್ ಕಲಿತು, ಒಂದು ಫರ್ನಿಚರ್ ಅಂಗಡಿಯ ಮಂಚ, ಬೀರು ಮನೆಮನೆಗೆ ಮುಟ್ಟಿಸಿ ಬದುಕುತ್ತಿದ್ದಳು. ಕುಳ್ಳಿ. ರಸ್ತೆ ಕಾಣಲಿ ಎಂದು ಸೀಟಿನ ಮೇಲೆ ದಿಂಬು ಹಾಕಿಕೊಂಡು ಕೂರುವಳು. ಕಿಟಕಿಗೆ ಮೊಣಕೈ ಇಟ್ಟು ಅವಳು ಗಾಡಿ ತಿರುಗಿಸುವುದನ್ನು ನೋಡಿದಾಗಲೆಲ್ಲ ನನ್ನ ಹೊಟ್ಟೆಯಲ್ಲಿ ಕಿಚ್ಚು ಬೀಳುತ್ತಿತ್ತು. ಸುಳ್ಳು ಯಾಕೆ ಹೇಳಲಿ? ನಾನೂ ಡ್ರೈವಿಂಗ್ ಕಲಿಯುತ್ತೇನೆಂದು ಎರಡು ಸಲ ಕೇಳಿದ್ದೆ. "ನಿನ್ನ ತಲೆಗೂ ಸ್ಟೀರಿಂಗಿಗೂ ಆಗಿಬರಲ್ಲ" ಎಂದು ನಮ್ಮವರು ನಕ್ಕಿದ್ದರು.

"ಏನಪ್ಪಾ, ಗೋಡೌನ್ ಏರಲ್ಲಿ ಗಾಡಿ ಸುಡ್ತಾ ಇದೆ," ಎಂದಳು ಅಕ್ಕ. "ಗೇರಿನ ಕೆಂಪು ದೀಪ ಹತ್ತುತ್ತೆ. ಅರ್ಧ ಗಂಟೆ ನಿಲ್ಸಿದ್ರೆ ಸರಿಹೋಗುತ್ತೆ, ಮತ್ತೆ ಲೋಡ್ ಹಾಕಿದ್ರೆ ಅದೇ ರಾಗ. ಪ್ರತಿ ಸೋಮವಾರ ಆಯಿಲ್ ನೋಡ್ತೀನಿ, ಭರ್ತಿ ಇದೆ."

"ನೋಡೋಣ ಇರಿ ಅತ್ತಿಗೆ," ಎಂದರು ನಮ್ಮವರು.

ಕೆಲಸದಲ್ಲಿ ನನ್ನ ಗಂಡ ಎತ್ತಿದ ಕೈ, ಅದನ್ನು ಒಪ್ಪಲೇಬೇಕು. ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೋಗಿಬಂದರು. ಬಿಸಿ ಅಳೆಯುವ ಗನ್ನು ಹಿಡಿದು ಗೇರ್‌ಬಾಕ್ಸಿನಿಂದ ಆಯಿಲ್ ತಣಿಸುವ ಕೂಲರಿಗೆ ಹೋಗುವ ಪೈಪು, ಅಲ್ಲಿಂದ ತಿರುಗಿ ಬರುವ ಪೈಪು ಎರಡನ್ನೂ ನೋಡಿದರು. ಕೂಲರಿನ ಜಾಲರಿಯಲ್ಲಿ ಕೆಸರು ಕೂತಿದೆಯೇ ಎಂದು ಟಾರ್ಚು ಬಿಟ್ಟರು. ಆಮೇಲೆ ಹಲಗೆಯ ಮೇಲೆ ಮಲಗಿ ಗಾಡಿಯ ಕೆಳಗೆ ಜಾರಿದರು. ಅಲ್ಲಿಂದಲೇ, "ಅತ್ತಿಗೆ, ಬಿಸಿಲಲ್ಲಿ ಯಾಕೆ ನಿಂತಿದ್ದೀರಿ, ಒಳಗೆ ಹೋಗಿ ನೀರು ಕುಡೀರಿ" ಎಂದರು. ಅಕ್ಕ ಹಿಂದಿನ ಕೋಣೆಗೆ ಹೋದಳು.

ಅವಳು ಅತ್ತ ಹೋದದ್ದೇ ಇವರು ಎದ್ದು ಎಂಜಿನ್ ಚಾಲೂ ಮಾಡಿದರು. ಲಿವರನ್ನು ಎಲ್ಲ ಗೇರಿಗೂ ಒಂದೊಂದು ಸಲ ಹಾಕಿ ತೆಗೆದು ಪಾರ್ಕಿಂಗಿಗೆ ತಂದರು. ಕಡ್ಡಿ ಎಳೆದು, ಒರೆಸಿ, ಅದ್ದಿ, ಮತ್ತೆ ಎಳೆದರು. ನಾನು ಎದ್ದುಹೋಗಿ ಪಕ್ಕದಲ್ಲಿ ನಿಂತಿದ್ದೆ. ಕಡ್ಡಿಯ ತುದಿ ಮಾತ್ರ ಒದ್ದೆಯಾಗಿತ್ತು. ಹತ್ತಿದ್ದಷ್ಟು ಆಯಿಲ್ ಕೆಂಪಗೆ, ಹೊಸದರ ಹಾಗೆಯೇ ಇತ್ತು. ಸೀದ ವಾಸನೆ ಇಲ್ಲ. ಬಗ್ಗಿ ನೋಡಿದರೆ ಕೂಲರಿನ ಪೈಪಿನ ಸಂದಿಯಲ್ಲಿ ಕ್ಲಿಪ್ಪು ಸಡಿಲಾಗಿ ಆಯಿಲ್ ಜಿನುಗುತ್ತಿತ್ತು. ಕ್ಲಿಪ್ಪು ಬಿಗಿಮಾಡಿ ಒಂದೂವರೆ ಲೀಟರ್ ಆಯಿಲ್ ಹಾಕಿದರೆ ಮುಗಿಯಿತು. ನಾನು ಕಪಾಟಿನಿಂದ ಆಯಿಲ್ ಡಬ್ಬಿ ತರಲು ಹೊರಟೆ.

ನಮ್ಮವರು ನನ್ನ ಕಡೆ ನೋಡಿ ಬೇಡವೆಂದು ತಲೆಯಾಡಿಸಿದರು. ಎಂಜಿನ್ ಆರಿಸಿದರು. ಬೆಂಚಿನ ಕೆಳಗೆ ಯಾವುದೋ ಹಳೇ ಲಾರಿಯಿಂದ ಇಳಿಸಿದ ಸುಟ್ಟ ಆಯಿಲಿನ ಟ್ರೇ ಇತ್ತು. ಬಿಳಿ ಬಟ್ಟೆಯೊಂದನ್ನು ಅದರಲ್ಲಿ ಅದ್ದಿ ಹಿಂಡಿದರು. ಇದೆಲ್ಲ ಒಂದು ನಿಮಿಷದ ಕೆಲಸ.

ಅಕ್ಕ ಬಾಯಿ ಒರೆಸಿಕೊಳ್ಳುತ್ತಾ ಬಂದಳು. ಇವರು ಬಟ್ಟೆಯನ್ನು ಅವಳ ಮೂಗಿನ ಹತ್ತಿರ ಹಿಡಿದರು. ಕಪ್ಪು ಕಲೆಯೊಳಗೆ ಕಬ್ಬಿಣದ ಪುಡಿ ಮಿನುಗುತ್ತಿತ್ತು. "ಮೂಸಿ ನೋಡಿ. ಗೇರ್‌ಬಾಕ್ಸ್ ಒಳಗೆ ಪ್ಲೇಟೆಲ್ಲ ಸುಟ್ಟು ಪುಡಿಯಾಗಿದೆ. ಗಾಡಿ ಸತ್ತಿದೆ ಅತ್ತಿಗೆ."

"ಆಯಿಲ್ ಭರ್ತಿ ಇತ್ತಲ್ಲಪ್ಪಾ?"

"ಹೇಗೆ ನೋಡ್ತಿದ್ರಿ?"

"ಎಂಜಿನ್ ಆರಿಸಿ."

ಇವರು ಹಣೆ ಚಚ್ಚಿಕೊಂಡರು. "ಅಯ್ಯೋ ದೇವರೇ! ಆರಿಸಿ ಯಾರಾದ್ರೂ ನೋಡ್ತಾರಾ? ಎರಡು ವರ್ಷದಿಂದ ಆಯಿಲ್ ಇಲ್ದೇ ಗೇರ್‌ಬಾಕ್ಸ್ ಓಡ್ಸಿದ್ದೀರಿ. ಯಾವ ಪುಣ್ಯಾತ್ಮ ಹೇಳಿಕೊಟ್ಟಿದ್ದು?"

ಅಕ್ಕ ಕಣ್ಣರಳಿಸಿ ನೋಡಿದಳು. "ನೀನೇ ಅಲ್ವೇನಪ್ಪಾ? ಇದೇ ಜಾಗದಲ್ಲಿ ನಿಂತ್ಕೊಂಡು..."

ಹೌದು, ಇದೇ ಜಾಗದಲ್ಲಿ. ಭಾವ ಸತ್ತ ಮೂರನೇ ತಿಂಗಳು. ಅಕ್ಕನ ಕೈಗೆ ಕಡ್ಡಿ ಕೊಟ್ಟು, "ನೀವು ಎಂಜಿನ್ ಆರಿಸಿಯೇ ನೋಡಿ ಅತ್ತಿಗೆ. ನಿಮ್ಮ ಕೂದಲು ಉದ್ದ, ಫ್ಯಾನಿಗೆ ಸಿಕ್ಕಿಬಿಟ್ರೆ ಕಷ್ಟ" ಎಂದು ಮೆತ್ತಗೆ ಹೇಳಿದ್ದು ನನ್ನ ಕಿವಿಯಾರೆ ಕೇಳಿದ್ದೆ. ಕ್ರಮ ತಪ್ಪಾಯಿತಲ್ಲ ಎಂದು ಅನಿಸಿತ್ತು ನಿಜ. ಆದರೆ ಅದಕ್ಕಿಂತ ಹೆಚ್ಚಾಗಿ ಚುಚ್ಚಿದ್ದು ಆ ದನಿ. ನನ್ನ ಕೂದಲಿನ ಬಗ್ಗೆ ಇವರು ಒಂದು ದಿನವೂ ಅಷ್ಟು ಕಾಳಜಿಯಿಂದ ಮಾತಾಡಿರಲಿಲ್ಲ.

"ನಾನಾ?" ಎಂದು ಇವರು ನಕ್ಕರು. "ನಾನು ಗಿರಾಕಿಗಳಿಗೆ ದಿನಾ ಬಡ್ಕೊಳ್ಳೋದು ಏನು ಅಂತ ಇವಳನ್ನೇ ಕೇಳಿ." ಮತ್ತೆ ನನ್ನತ್ತ ತಿರುಗಿದರು. "ಹೇಳೇ, ಏನು ಹೇಳ್ತೀನಿ?"

ಇಬ್ಬರೂ ನನ್ನ ಬಾಯನ್ನೇ ನೋಡುತ್ತಿದ್ದರು. ಅಕ್ಕನ ಮುಖದಲ್ಲಿ ಭರವಸೆ ಇತ್ತು. ತಂಗಿ ಅವತ್ತು ಇಲ್ಲೇ ಇದ್ದಳಲ್ಲ, ಹೇಳುತ್ತಾಳೆ ಎಂಬ ಭರವಸೆ. ನಾನು ಮದುವೆಯಾಗಿ ಬಂದ ಹೊಸತರಲ್ಲಿ, "ಇವಳಿಗೆ ಒಲೆ ಹಚ್ಚೋಕೂ ಬರಲ್ಲ" ಎಂದು ನೆಂಟರೆದುರು ಮೂಗು ಮುರಿದಿದ್ದಳು. ಅದನ್ನು ಅವಳು ಮರೆತಿದ್ದಳು, ನಾನು ಮರೆತಿರಲಿಲ್ಲ.

"ಎಂಜಿನ್ ಓಡ್ತಿರ್ಬೇಕು ಅಂತ ಹೇಳ್ತಾರೆ ಅಕ್ಕಾ," ಎಂದೆ. "ಎಲ್ರಿಗೂ ಹಾಗೇ ಹೇಳೋದು."

ಒಂದಕ್ಷರ ಸುಳ್ಳಿರಲಿಲ್ಲ. ಬೇಕಾದರೆ ಪ್ರಮಾಣ ಮಾಡಬಹುದಿತ್ತು.

ಅಕ್ಕ ಬಾನೆಟ್ಟಿನ ಅಂಚು ಹಿಡಿದುಕೊಂಡು ನಿಂತಳು. "ಹಾಗಾದ್ರೆ ನಾನೇ ತಪ್ಪು ಕೇಳಿಸ್ಕೊಂಡಿದ್ದೆ," ಎಂದಳು. "ಅವರು ಹೋದ ಹೊಸದು. ತಲೆ ನೆಟ್ಟಗಿರಲಿಲ್ಲ. ಅವರ ಗಾಡೀನ ನನ್ನ ಕೈಯಾರೆ ಕೊಂದೆನಲ್ಲೋ."

"ಅಣ್ಣ ಇದ್ದಿದ್ರೆ ಎಷ್ಟು ನೊಂದ್ಕೊಳ್ತಿದ್ದ," ಎಂದರು ಇವರು. ಅಷ್ಟು ಸಾಲದೆಂದು, "ಮಗೂ ಥರ ನೋಡ್ಕೊಂಡಿದ್ದ" ಎಂದೂ ಸೇರಿಸಿದರು. ಅಕ್ಕ ಅತ್ತಳು. ಇವರು ಕೈ ಒರೆಸಿಕೊಳ್ಳುತ್ತಾ ಅವಳು ಅತ್ತು ಮುಗಿಸುವವರೆಗೆ ಕಾದರು. ಗುಜರಿಗೆ ಹಾಕುವ ಬದಲು ತನಗೇ ಬಿಟ್ಟರೆ ಬಿಡಿಭಾಗಕ್ಕಾದರೂ ಆದೀತು ಎಂದು ಆಮೇಲೆ ಹೇಳಿದರು. ಬೆಣ್ಣೆಯಿಂದ ಕೂದಲೆಳೆದ ಹಾಗೆ ಗಾಡಿ ಅವಳ ಕೈಯಿಂದ ಬಂತು. ಗಾಡಿ ಬರೆದುಕೊಡುವ ಕಾಗದ ನನ್ನ ಮೇಜಿನ ಡ್ರಾಯರಿನಲ್ಲಿ ಮೊದಲೇ ತಯಾರಿತ್ತು. ಅದು ಅಲ್ಲಿ ಎಂದಿನಿಂದ ಇತ್ತೋ ನನಗೆ ಗೊತ್ತಿಲ್ಲ. ಸಹಿ ಮಾಡುವಾಗ ಅಕ್ಕ, "ನೀನಾದ್ರೂ ನಿಜ ಹೇಳಿದೆಯಲ್ಲಪ್ಪಾ, ಬೇರೆ ಕಡೆ ಹೋಗಿದ್ರೆ ಸುಮ್ನೆ ಸುಲೀತಿದ್ರು" ಎಂದಳು.

ಕ್ಯಾಬಿನ್ನಿನಿಂದ ನೀರಿನ ಬಾಟಲಿ, ಸೋಮವಾರಗಳಿಗೆಲ್ಲ ಗುರುತು ಹಾಕಿದ್ದ ಕ್ಯಾಲೆಂಡರ್, ದಿಂಬು, ಈ ಮೂರನ್ನು ತೆಗೆದುಕೊಂಡಳು. ಬೀದಿಯ ತುದಿಯ ಬಸ್ ಸ್ಟಾಪಿನವರೆಗೆ ದಿಂಬನ್ನು ಕಂಕುಳಲ್ಲಿಟ್ಟುಕೊಂಡು ನಡೆದಳು. ಬಿಟ್ಟುಬರುತ್ತೇನೆ ಎಂದು ಇವರು ಬಾಯಿಮಾತಿಗೂ ಹೇಳಲಿಲ್ಲ. ನಾನೂ ಹೇಳಿಸಲಿಲ್ಲ.

ಸಂಜೆಯೊಳಗೆ ಕ್ಲಿಪ್ಪು ಬಿಗಿಯಾಯಿತು, ಆಯಿಲ್ ಬಿತ್ತು. ಇವರು ಗಾಡಿಯ ಹಿಂದೆ ನಾಲ್ಕು ಹಳೇ ಎಂಜಿನ್ ಹೇರಿಕೊಂಡು ಗೋಡೌನ್ ಏರನ್ನು ಎರಡು ಸಲ ಹತ್ತಿಸಿ ಬಂದರು. ದೀಪ ಹತ್ತಲಿಲ್ಲ. ಫರ್ನಿಚರ್ ಅಂಗಡಿಗೆ ಫೋನ್ ಮಾಡಿ, ನಾಳೆಯಿಂದ ಅದೇ ಗಾಡಿ ಬರುತ್ತದೆ, ಡ್ರೈವರ್ ಮಾತ್ರ ಬೇರೆ ಎಂದರು. ಆಮೇಲೆ ಬೀಗದ ಕೈಯನ್ನು ನನ್ನ ಮೇಜಿನ ಮೇಲೆ ಹಾಕಿದರು.

"ಕಲೀಬೇಕು ಅಂತಿದ್ದೆಯಲ್ಲ, ಕ್ಲಚ್ ಇಲ್ಲದ ಗಾಡಿ, ನಿನಗೂ ಬರುತ್ತೆ. ಬಾ ಹತ್ತು."

ಹತ್ತಿದೆ. ಖುಷಿಯಾಗಲಿಲ್ಲವೆಂದರೆ ನಾಲಿಗೆ ಸೇದಿಹೋಗಲಿ. ಸೀಟು ಎತ್ತರವಾಗಿತ್ತು, ಬೀದಿಯೆಲ್ಲ ನನ್ನ ಕೆಳಗಿತ್ತು. ಕಿಟಕಿಗೆ ಮೊಣಕೈ ಇಟ್ಟು ನೋಡಿದೆ.

"ವಾರಕ್ಕೊಂದ್ಸಲ ಗೇರ್ ಆಯಿಲ್ ನೋಡೋದು ಮರೀಬೇಡ," ಎಂದರು ಇವರು ಪಕ್ಕದ ಸೀಟಿನಿಂದ.

"ಗೊತ್ತು ಬಿಡ್ರೀ. ಎಂಜಿನ್ ಓಡ್ತಿರ್ಬೇಕು."

"ಬೇಡ. ನೀನು ಆರಿಸಿಯೇ ನೋಡು." ಇವರು ನನ್ನ ಜಡೆಯನ್ನು ಹೆಗಲಿನಿಂದ ಎತ್ತಿ ಮೆಲ್ಲಗೆ ಬೆನ್ನಿಗೆ ಹಾಕಿದರು. "ನಿನ್ನ ಕೂದಲೂ ಉದ್ದ. ಫ್ಯಾನಿಗೆ ಸಿಕ್ಕಿಬಿಟ್ರೆ ಕಷ್ಟ."

ತಮಾಷೆಯಿರಬೇಕೆಂದು ಮುಖ ನೋಡಿದೆ. ನಗುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಅಕ್ಕನಿಗೆ ಹೇಳಿದ ಅದೇ ಮೆತ್ತನೆಯ ದನಿ. ಕಿಟಕಿಯಿಂದ ಮೊಣಕೈ ತೆಗೆದೆ.

"ಆಯ್ತು," ಎಂದೆ. ಮುಂದೆ ಎಂದಾದರೂ ಇವರು ಹಣೆ ಚಚ್ಚಿಕೊಂಡು, ಯಾರು ಹಾಗೆ ಹೇಳಿಕೊಟ್ಟಿದ್ದು ಎಂದು ನನ್ನನ್ನು ಕೇಳಿದರೆ, ಇವರೇ ಎಂದರೆ ನನ್ನ ಮಾತು ನಂಬಬಹುದಾಗಿದ್ದವಳು ಒಬ್ಬಳೇ. ಅವಳು ದಿಂಬು ಹಿಡಿದುಕೊಂಡು ಮಧ್ಯಾಹ್ನದ ಬಸ್ಸಿಗೆ ಹೋಗಿದ್ದಳು.