ಹನ್ನೆರಡು ಮಿಲಿಮೀಟರ್

ಕಾರೆಲ್ ಎಂಟು ಕಿಲೋ ಇಳಿದಿದ್ದಾನೆ ಎಂಬುದನ್ನು ರೆಹೊಬೊತ್ ಊರಲ್ಲಿ ಎಲ್ಲರೂ ನಂಬಿದ್ದರು. ಬಿಯರ್ ಬಿಟ್ಟೆ, ಸಕ್ಕರೆ ಬಿಟ್ಟೆ ಎಂದು ಅವನೇ ಹೇಳಿಕೊಂಡು ತಿರುಗಿದ್ದ. ದೂರದ ವಾಲ್ವಿಸ್ ಬೇ ಬಂದರಿನ ಮೀನು ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುವ ಕೆಲಸ ಅವನದು. ಎರಡು ತಿಂಗಳಿಗೊಮ್ಮೆ ಮನೆಗೆ ಬರುವವನ ಮೈಯನ್ನು ದಿನಾ ಕಂಡವರಾರೂ ಇರಲಿಲ್ಲ. ಹೆಂಡತಿ ಮಾಗ್ರೀತಾ ಚರ್ಚಿನ ಹೆಂಗಸರಿಗೆ ಗಂಡನನ್ನು ತೋರಿಸಿ ಜಂಬ ಕೊಚ್ಚಿಕೊಂಡಿದ್ದಳು. ಐವತ್ತೆರಡಕ್ಕಾದರೂ ಬುದ್ಧಿ ಬಂತಲ್ಲ, ಶವಪೆಟ್ಟಿಗೆಯಲ್ಲಿ ಮಲಗಿಸಿದ ಮೇಲೆ ಬರುವುದಕ್ಕಿಂತ ವಾಸಿ ಎಂದಿದ್ದಳು.

ಯೂನಾಸ್ ಕೂಡ ನಂಬಿದ್ದ. ಯೂನಾಸ್ ಮಾಗ್ರೀತಾಳ ತಮ್ಮ. ಮೋಟಾರ್‌ಸೈಕಲ್ ಮೆಕ್ಯಾನಿಕ್. ಮನೆಯ ಹಿಂದಿನ ತಗಡಿನ ಶೆಡ್ಡೇ ಅವನ ಅಂಗಡಿ. ಹನ್ನೊಂದು ವರ್ಷಗಳಿಂದ ಪ್ರತಿ ಜುಲೈನಲ್ಲಿ, ಅಲ್ಲಿಯ ಚಳಿಗಾಲದಲ್ಲಿ, ಅವನೂ ಕಾರೆಲ್ಲೂ ಎರಡು ವಾರ ಉತ್ತರದ ಬರಡು ಕಾವೊಕೊ ಸೀಮೆಗೆ ಹೋಗುತ್ತಿದ್ದರು. ಡಾಂಬರು ಮುಟ್ಟದೆ, ಜಲ್ಲಿ ರಸ್ತೆ ಹಿಡಿದು, ಒಣಗಿದ ಹೊಳೆಗಳ ಮರಳಿನಲ್ಲಿ ಇಳಿದು, ಕತ್ತಲಾದಲ್ಲಿ ಗುಡಾರ ಹೊಡೆದು. ಅಡಿಗೆ, ನಕ್ಷೆ, ಜಗಳವಾಡಿ ದಾರಿ ಕೇಳುವುದು ಕಾರೆಲ್‌ನ ಪಾಲು. ಗಾಡಿ ಯೂನಾಸನ ಪಾಲು.

ಹೊರಡುವುದಕ್ಕೆ ಎರಡು ದಿನ ಮೊದಲು, ಗುರುವಾರ, ಕಾರೆಲ್ ತನ್ನ ಆರುನೂರೈವತ್ತು ಸಿಸಿ ಗಾಡಿಯನ್ನು ಶೆಡ್ಡಿಗೆ ತಂದು ನಿಲ್ಲಿಸಿದ. ಕೆಲಸ ಪ್ರತಿವರ್ಷದ್ದೇ. ಯೂನಾಸ್ ಕನ್ನಡಿಗಳನ್ನೂ ಹಿಂದಿನ ಸವಾರ ಕಾಲೂರುವ ಕಡ್ಡಿಗಳನ್ನೂ ಬಿಚ್ಚಿ ತೆಗೆದಿಟ್ಟ. ಇಪ್ಪತ್ತೆಂಟು ಲೀಟರಿನ ದೊಡ್ಡ ಟ್ಯಾಂಕು ಕೂರಿಸಿದ. ಉಬ್ಬುಬ್ಬು ಹಲ್ಲುಗಳ ಹೊಸ ಟೈರು, ಅದರೊಳಗೆ ದಪ್ಪ ಟ್ಯೂಬು. ಕ್ಲಚ್ಚಿನ ಕೇಬಲ್ಲಿಗೆ ಒತ್ತಿಕೊಂಡಂತೆ ಇನ್ನೊಂದು ಹೊಸ ಕೇಬಲ್ಲನ್ನು ಮೊದಲೇ ಎಳೆದು ಟೇಪು ಸುತ್ತಿದ. ನಡುದಾರಿಯಲ್ಲಿ ಒಂದು ತುಂಡಾದರೆ ಇನ್ನೊಂದರ ತುದಿ ಸಿಕ್ಕಿಸಿದರೆ ಮುಗಿಯಿತು. ಆಮೇಲೆ ಸಾಮಾನು. ಭಾರದ್ದೆಲ್ಲ ಕೆಳಗೆ, ಆದಷ್ಟು ಮುಂದಕ್ಕೆ: ನೀರು, ಸಲಕರಣೆ, ಡಬ್ಬಿಗಳು. ಹಗುರದ ಗುಡಾರ, ಹೊದಿಕೆ ಬಾಲಕ್ಕೆ. ಕಾರೆಲ್ ಎರಡು ಜಾಕೆಟ್ಟು ಹಾಕಿಕೊಂಡು ಡ್ರಮ್ಮಿನ ಮೇಲೆ ಕೂತು ಬಿಸಿ ಕಾಫಿ ಕುಡಿಯುತ್ತ, ಯೂನಾಸನ ಕೈ ಗಾಡಿಗೆ ತೋರುವ ಪ್ರೀತಿಯನ್ನು ಒಬ್ಬ ಹೆಂಗಸಿಗೆ ತೋರಿಸಿದ್ದರೆ ಇಷ್ಟೊತ್ತಿಗೆ ಮದುವೆಯಾಗಿರುತ್ತಿದ್ದ ಎಂದು ಚುಚ್ಚುತ್ತಿದ್ದ.

ಕೊನೆಯ ಕೆಲಸ ಸ್ಪ್ರಿಂಗಿನದು. ಹಿಂದಿನ ಗಾಲಿಯ ಮೇಲಿನ ಸ್ಪ್ರಿಂಗು ಸವಾರನೂ ಸಾಮಾನೂ ಕೂತಾಗ ಇಂತಿಷ್ಟು ಇಳಿಯಬೇಕು. ಕಡಿಮೆ ಇಳಿದರೆ ಗಾಡಿ ಕಲ್ಲು ಕಲ್ಲಿಗೂ ಒದೆಯುತ್ತದೆ, ಹೆಚ್ಚು ಇಳಿದರೆ ಹೊಟ್ಟೆ ನೆಲಕ್ಕೆ ಬಡಿಯುತ್ತದೆ. ಇಬ್ಬರ ಲೆಕ್ಕವನ್ನೂ ಯೂನಾಸ್ ಶೆಡ್ಡಿನ ಬಾಗಿಲಿನ ಒಳಮೈಗೆ ವರ್ಷ ವರ್ಷ ಸೀಮೆಸುಣ್ಣದಲ್ಲಿ ಬರೆದಿದ್ದ. ಹೋದ ವರ್ಷ ಕಾರೆಲ್‌ನದು ತೊಂಬತ್ತೆಂಟು ಮಿಲಿಮೀಟರ್.

ಈ ವರ್ಷ ಎಂಬತ್ತಾರು ಬಂತು.

ಅಳತೆ ಟೇಪು ಜಾರಿರಬೇಕೆಂದು ಮತ್ತೆ ಹಿಡಿದ. ಎಂಬತ್ತಾರು. ಸ್ಪ್ರಿಂಗಿನ ಕೆಳಗಿನ ಕೀಲು ಒಣಗಿ ಹಿಡಿದುಕೊಂಡಿದೆ ಎಂದುಕೊಂಡು ಅದನ್ನು ಬಿಚ್ಚಿ ತೊಳೆದು ಗ್ರೀಸು ಹಾಕಿದ. ಮಧ್ಯಾಹ್ನ ಕಳೆಯಿತು. ಮತ್ತೆ ಎಂಬತ್ತಾರು. ಕಾರೆಲ್ ಒಳಗೆ ಹೋಗಿದ್ದಾಗ ತಾನೇ ಆ ಗಾಡಿಯ ಮೇಲೆ ಕೂತು, ಪಕ್ಕದ ಮನೆಯವನನ್ನು ಕರೆದು ಟೇಪು ಹಿಡಿಸಿದ. ಯೂನಾಸನ ಲೆಕ್ಕ ಹೋದ ವರ್ಷ ಇದೇ ಗಾಡಿಯ ಮೇಲೆ ಕೂತಾಗಿನದಕ್ಕಿಂತ ಒಂದು ಮಿಲಿಮೀಟರೂ ಆಚೀಚೆಯಾಗಿರಲಿಲ್ಲ. ಸ್ಪ್ರಿಂಗು ಸರಿಯಿತ್ತು. ಸಾಮಾನೂ ಅದೇ. ಬದಲಾದದ್ದು ಸವಾರ. ಈ ಗಾಡಿಗೆ ಒಂದು ಮಿಲಿಮೀಟರಿಗೆ ಒಂದೂವರೆ ಕಿಲೋ. ಹನ್ನೆರಡಕ್ಕೆ ಹದಿನೆಂಟು, ಅದೂ ಎರಡು ಜಾಕೆಟ್ಟು ಹಾಕಿಕೊಂಡು ಕೂತಾಗ.

ಕಾರೆಲ್ ವಾಪಸು ಬಂದಾಗ ಯೂನಾಸ್ ಬಾಗಿಲು ಮುಂದಕ್ಕೆ ಎಳೆದು, ಬರೆದ ಅಂಕಿಗಳ ಮುಂದೆ ನಿಂತಿದ್ದ.

"ಭಾವ, ಎಂಟು ಕಿಲೋ ಅಂದ್ರಲ್ಲ. ಇನ್ನ ಹತ್ತು ಕಿಲೋ ಎಲ್ಲಿಟ್ರಿ?"

ಕಾರೆಲ್ ನಕ್ಕ. ನಿನ್ನ ಟೇಪು ಬಿಸಾಡು ಎಂದ. ಯೂನಾಸ್ ನಗಲಿಲ್ಲ. ಕಾರೆಲ್ ಡ್ರಮ್ಮಿನ ಮೇಲೆ ಕೂತ. ಹೆಂಡತಿಗೆ, ಇಬ್ಬರು ಹೆಣ್ಣುಮಕ್ಕಳಿಗೆ, ಕಾರ್ಖಾನೆಯವರಿಗೆ ಹೇಳದ್ದನ್ನು ಒಂದು ಸ್ಪ್ರಿಂಗಿನ ಕಾರಣಕ್ಕೆ ಹೇಳಿದ. ಹೊಟ್ಟೆಯಲ್ಲಿ ಗಡ್ಡೆ. ಕ್ಯಾನ್ಸರ್. ಆಗಸ್ಟ್ ನಾಲ್ಕಕ್ಕೆ ವಿಂಡ್‌ಹುಕ್ಕಿನ ಆಸ್ಪತ್ರೆಗೆ ಸೇರಬೇಕು. ಆರು ತಿಂಗಳು ಔಷಧ ಏರಿಸುತ್ತಾರೆ. ಔಷಧ ತಡೆದುಕೊಂಡರೆ ಆಪರೇಷನ್, ಆಪರೇಷನ್ನಾದರೆ ಬದುಕುಳಿಯುವ ಅವಕಾಶ ಅರ್ಧಕ್ಕರ್ಧ ಎಂದು ಡಾಕ್ಟರು ಅಂದಿದ್ದಾರೆ.

ಯೂನಾಸ್ ಮೊದಲು ಬೈದ. ಆಮೇಲೆ ಈ ವರ್ಷ ಪ್ರಯಾಣ ಇಲ್ಲ ಎಂದ.

"ಇದೆ," ಅಂದ ಕಾರೆಲ್. "ನೀನು ಬರದಿದ್ರೆ ನಾನೊಬ್ಬನೇ ಹೋಗ್ತೀನಿ. ಲೋ, ಸರಿಯಾಗಿ ಕೇಳು. ಅವರ ಔಷಧ ಅಂದ್ರೆ ವಿಷ. ನಮ್ಮ ಬಾಯ್ಲರಿನ ಪೀಟರ್ಸ್ ಅದನ್ನ ತಗೊಂಡು ಮೂರೇ ತಿಂಗಳಿಗೆ ಮಗುವಿನ ಹಾಗೆ ಹಾಸಿಗೇಲಿ ಉಚ್ಚೆ ಹುಯ್ಕೊಂಡು ಸತ್ತ. ನನ್ನ ಮೈಗೆ ಅದನ್ನ ತಡೆಯೋ ಶಕ್ತಿ ಇದ್ಯೋ ಇಲ್ವೋ ನಂಗೆ ಗೊತ್ತಾಗ್ಬೇಕು. ಕಾವೊಕೊ ತಡೀತು ಅಂದ್ರೆ ಅದನ್ನೂ ತಡಿಯತ್ತೆ. ವಾಪಸ್ ಬಂದು ಮಾಗ್ರೀತಂಗೆ ಹೇಳ್ತೀನಿ, ಆಸ್ಪತ್ರೆಗೆ ಸೇರ್ತೀನಿ. ಅಲ್ಲೀವರ್ಗೂ ನೀನು ಬಾಯಿ ಬಿಟ್ರೆ ನಿನ್ನ ಮುಖ ನೋಡಲ್ಲ."

ಒಬ್ಬನೇ ಹೋಗುತ್ತಾನೆ ಎಂಬುದರಲ್ಲಿ ಯೂನಾಸನಿಗೆ ಅನುಮಾನವಿರಲಿಲ್ಲ. ಬರುತ್ತೇನೆ ಎಂದ. ಯಾರಿಗೂ ಹೇಳುವುದಿಲ್ಲ ಎಂದ. ಮಾತಿನ ಉಳಿದ ಭಾಗವನ್ನು ಅವನು ತಲೆಗೆ ಹಾಕಿಕೊಳ್ಳಲಿಲ್ಲ. ಗಡ್ಡೆ ಇರುವ ಹೊಟ್ಟೆಯನ್ನು ಹೊತ್ತುಕೊಂಡು ಒಬ್ಬ ಮನುಷ್ಯ ಆಸ್ಪತ್ರೆಯಿಂದ ಎಂಟುನೂರು ಕಿಲೋಮೀಟರ್ ದೂರದ ಕಲ್ಲಿನ ಕಣಿವೆಯಲ್ಲಿ ಬಿದ್ದಿರುವ ಚಿತ್ರವೊಂದೇ ಅವನಿಗೆ ಕಾಣುತ್ತಿತ್ತು.

ಕಪಾಟಿನಲ್ಲಿ ಹಗುರ ಸವಾರನಿಗೆ ಸರಿಹೊಂದುವ ಮೆದು ಸ್ಪ್ರಿಂಗೊಂದಿತ್ತು. ಹಾಕಲು ಎರಡು ಗಂಟೆ ಸಾಕು. ಶುಕ್ರವಾರ ಬೆಳಿಗ್ಗೆ ಯೂನಾಸ್ ಅದನ್ನು ತೆಗೆದು ಒರೆಸಿದ. ಒರೆಸಿ ಮತ್ತೆ ಕಪಾಟಿನಲ್ಲಿಟ್ಟ. ಹಳೆಯ ಸ್ಪ್ರಿಂಗಿನ ಮೇಲಿನ ದಪ್ಪ ನಟ್ಟಿಗೆ ಉಳಿಯಿಟ್ಟು ಸುತ್ತಿಗೆಯಲ್ಲಿ ಹೊಡೆದು ಮೂರು ಸುತ್ತು ಬಿಗಿ ಮಾಡಿದ. ಒಳಗಿನ ಎಣ್ಣೆಯ ಹರಿವನ್ನು ತಡೆಯುವ ಸಣ್ಣ ತಿರುಪೊಂದು ಕೆಳಗಿರುತ್ತದೆ. ಅದನ್ನೂ ಕೊನೆಯವರೆಗೆ ತಿರುಗಿಸಿದ. ಗಾಡಿಯನ್ನು ಒತ್ತಿ ನೋಡಿದ. ಕಲ್ಲುಬೆಂಚಿನ ಹಾಗಿತ್ತು. ಪಶ್ಚಿಮದ ಜಲ್ಲಿ ರಸ್ತೆ ಮೊದಲ ಎಂಬತ್ತು ಕಿಲೋಮೀಟರ್ ಅಲೆ ತಗಡಿನ ಹಾಗೆ ಸುಕ್ಕು ಸುಕ್ಕು. ಅದರ ಮೇಲೆ ಇಂಥ ಗಾಡಿಯಲ್ಲಿ ಒಳ್ಳೆ ಆರೋಗ್ಯದವನಿಗೂ ಹಲ್ಲು ಅದುರುತ್ತದೆ. ಯಾರೂ ಬೇಡ ಅನ್ನದೆ, ಯಾರಿಗೂ ಮುಖಭಂಗವಾಗದೆ, ಭಾವ ತಾನಾಗೇ ವಾಪಸು ತಿರುಗುತ್ತಾನೆ, ನೇರ ಆಸ್ಪತ್ರೆಗೆ ಹೋಗುತ್ತಾನೆ. ಹಾಗೆಂದು ಯೂನಾಸ್ ಅಂದುಕೊಂಡ. ಗಿರಾಕಿಗೆ ಕೆಟ್ಟ ಗಾಡಿ ಕೊಟ್ಟು ಅವನಿಗೆ ಅಭ್ಯಾಸವಿರಲಿಲ್ಲ.

ಶನಿವಾರ ಬೆಳಿಗ್ಗೆ ನೀರಿನ ತೊಟ್ಟಿಯ ಮೇಲೆ ತೆಳ್ಳಗೆ ಮಂಜುಗಡ್ಡೆ ಕಟ್ಟಿತ್ತು. ಮಾಗ್ರೀತಾ ಒಣಮಾಂಸ, ರಸ್ಕು ಕಟ್ಟಿಕೊಟ್ಟಳು. ಇಬ್ಬರಲ್ಲಿ ಒಬ್ಬನನ್ನಾದರೂ ಇಡಿಯಾಗಿ ವಾಪಸು ಕಳಿಸು ದೇವರೇ, ಯಾರನ್ನೆಂದು ನಾನು ಕೇಳುವುದಿಲ್ಲ ಎಂದಳು. ಕಾರೆಲ್ ಅವಳ ಕುಂಡೆಗೊಂದು ಏಟು ಕೊಟ್ಟು ಗಾಡಿ ಹತ್ತಿದ.

ಯೂನಾಸ್ ಹಿಂದೆ ಉಳಿದು ನೋಡುತ್ತ ಬಂದ. ಊರು ದಾಟಿ ಜಲ್ಲಿ ಶುರುವಾದ ಕೂಡಲೇ ಕಾರೆಲ್‌ನ ಗಾಡಿಯ ಹಿಂಗಾಲಿ ಹುಚ್ಚು ಕತ್ತೆಯ ಹಾಗೆ ಒದೆಯತೊಡಗಿತು. ಪ್ರತಿ ಸುಕ್ಕಿಗೂ ಅವನ ಬೆನ್ನು ಕುಲುಕುತ್ತಿತ್ತು. ಇಪ್ಪತ್ತು ಕಿಲೋಮೀಟರಿಗೆ ನಿಂತ. ಉಚ್ಚೆಗೆಂದ. ಮೂವತ್ತೈದಕ್ಕೆ ಮತ್ತೆ ನಿಂತ. ವಾಪಸು ಹೋಗೋಣವೇ ಎಂದು ಯೂನಾಸ್ ಕೇಳಿದ್ದಕ್ಕೆ ಹೆಲ್ಮೆಟ್ಟಿನೊಳಗೇ ಇಲ್ಲವೆಂದು ತಲೆಯಾಡಿಸಿ ಗಾಡಿ ಹೊರಡಿಸಿದ. ಐವತ್ತರ ಹತ್ತಿರ ಒಂದು ಒಣ ಹಳ್ಳದ ಮರಳಿನಲ್ಲಿ ಗಾಡಿ ಬಾಲ ಬೀಸಿ ಅವನನ್ನು ಕೆಡವಿತು. ಅವನು ಎದ್ದ, ಗಾಡಿ ಎತ್ತಲು ಎರಡು ಸಲ ನೋಡಿದ, ಆಗಲಿಲ್ಲ. ಯೂನಾಸ್ ಎತ್ತಿ ನಿಲ್ಲಿಸಿದ. ಈಗ ತಿರುಗುತ್ತಾನೆ ಎಂದುಕೊಂಡ. ತಿರುಗಲಿಲ್ಲ. ಕ್ಲೈನ್ ಔಬ್‌ನ ಮುಚ್ಚಿಹೋದ ತಾಮ್ರದ ಗಣಿ ಕಾಣುವವರೆಗೆ, ಆ ಕಲ್ಲುಬೆಂಚಿನ ಮೇಲೆ, ಮನುಷ್ಯ ಇನ್ನೂ ಮೂವತ್ತು ಕಿಲೋಮೀಟರ್ ಓಡಿಸಿದ.

ಅಲ್ಲಿದ್ದ ಒಂದು ಅಂಗಡಿಯ ಗೋಡೆಯ ನೆರಳಿಗೆ ಹೋಗಿ ಕೂತು ವಾಂತಿ ಮಾಡಿದ. ಕೈಗವಸು ಬಿಚ್ಚಲು ಬೆರಳು ಕೇಳುತ್ತಿರಲಿಲ್ಲ. ಯೂನಾಸ್ ಬಿಚ್ಚಿಕೊಟ್ಟ.

"ಆಯ್ತು," ಅಂದ ಕಾರೆಲ್. "ಗೊತ್ತಾಯ್ತು ಬಿಡು."

ಏನು ಗೊತ್ತಾಯಿತು ಎಂದು ಯೂನಾಸ್ ಕೇಳಿದ.

"ಅದೇ ಗಾಡಿ, ಅದೇ ರಸ್ತೆ, ಅದೇ ನಿನ್ನ ಕೈ. ಹೋದ ವರ್ಷ ಹಾಡು ಹೇಳ್ಕೊಂಡು ಬಂದಿದ್ದೆ ಇಲ್ಲೀಗೆ. ಒಳಗೆ ಏನೂ ಉಳಿದಿಲ್ಲ ಕಣೋ. ಎಂಬತ್ತು ಕಿಲೋಮೀಟರ್ ತಡೀದಿರೋ ಮೈಗೆ ಆರು ತಿಂಗಳು ವಿಷ ಏರಿಸ್ಕೊಂಡು ಏನ್ ಮಾಡ್ಲಿ. ಆಗಸ್ಟ್ ನಾಲ್ಕಕ್ಕೆ ನಾನು ಹೋಗಲ್ಲ."

ಅವನ ದನಿಯಲ್ಲಿ ದುಃಖವಿರಲಿಲ್ಲ. ಟ್ಯಾಂಕಿನಲ್ಲಿ ಪೆಟ್ರೋಲು ಎಷ್ಟಿದೆ ಎಂದು ಕಡ್ಡಿ ಅದ್ದಿ ನೋಡಿದವನ ದನಿ ಅದು. ಶೆಡ್ಡಿನಲ್ಲಿ ಕೇಳಿಯೂ ಕೇಳದ ಮಾತೆಲ್ಲ ಯೂನಾಸನಿಗೆ ಈಗ ಒಂದೊಂದಾಗಿ ಕೇಳಿಸಿತು. ಅವನು ಹೇಳಿಬಿಟ್ಟ. ಸ್ಪ್ರಿಂಗು ಬಿಗಿ ಮಾಡಿದ್ದು, ತಿರುಪು ಮುಚ್ಚಿದ್ದು, ಬೇಕಂತಲೇ ಮಾಡಿದ್ದು, ಯಾಕೆ ಮಾಡಿದ್ದು. ಎಲ್ಲ.

ಕಾರೆಲ್ ಪೂರ್ತಿ ಕೇಳಿಸಿಕೊಂಡ. ಆಮೇಲೆ ಅವನ ಮೊಣಕಾಲು ತಟ್ಟಿದ.

"ಒಳ್ಳೆಯವ್ನು ನೀನು. ಹನ್ನೊಂದು ವರ್ಷದಲ್ಲಿ ಒಂದು ನಟ್ ಸಡಿಲ ಬಿಟ್ಟವ್ನಲ್ಲ, ಇವತ್ತು ಭಾವನ್ನ ಕೊಲ್ಲೋಕೆ ಗಾಡಿ ಕೆಡಿಸ್ದನಂತೆ. ಸುಳ್ಳು ಹೇಳೋದಾದ್ರೆ ಸ್ವಲ್ಪ ಚೆನ್ನಾಗಿರೋದು ಹೇಳೋ."

ಯೂನಾಸ್ ಉಳಿ ಸುತ್ತಿಗೆ ತಂದ. ಅವನ ಕಣ್ಣೆದುರೇ ನೆಲದ ಮೇಲೆ ಅಂಗಾತ ಮಲಗಿ ನಟ್ಟನ್ನು ಸಡಿಲಿಸಿದ, ತಿರುಪು ಬಿಚ್ಚಿದ, ಎಷ್ಟು ಸುತ್ತು ಎಂದು ಜೋರಾಗಿ ಎಣಿಸಿದ. ಹತ್ತೇ ಕಿಲೋಮೀಟರ್ ಓಡಿಸಿ ನೋಡಿ ಎಂದು ಅಂಗಲಾಚಿದ. ಕಾರೆಲ್ ಏಳಲಿಲ್ಲ. ಸ್ಪ್ರಿಂಗು ಅಷ್ಟು ಮೆತ್ತಗೆ ಮಾಡಿದರೆ ತನ್ನ ಅಜ್ಜಿಯೂ ಓಡಿಸುತ್ತಾಳೆ, ಅದರಿಂದ ಏನು ಸಾಬೀತಾಗುತ್ತದೆ ಎಂದ. ಅಂಥ ಗಾಡಿಯಲ್ಲಿ ಕಾವೊಕೊಗೆ ಹೋಗುವವನು ರೋಗಿ, ತಾನು ರೋಗಿಯಾಗಿ ಅಲ್ಲಿಗೆ ಹೋಗುವುದಿಲ್ಲ ಎಂದ. ಯೂನಾಸ್ ಕೂಗಾಡಿದ. ಅಂಗಡಿಯ ಹೆಂಗಸು ಬಾಗಿಲಿಗೆ ಬಂದು ನೋಡಿ ಒಳಗೆ ಹೋದಳು.

ಮಧ್ಯಾಹ್ನ ಒಬ್ಬ ಮುದುಕ ಆಡಿನ ಚರ್ಮ ಹೇರಿಕೊಂಡು ರೆಹೊಬೊತ್ ಕಡೆ ಹೊರಟಿದ್ದ. ಅವನ ಪಿಕಪ್ಪಿನ ಹಿಂದೆ ಕಾರೆಲ್‌ನ ಗಾಡಿ ಕಟ್ಟಿದರು. ಮುಂದಿನ ಸೀಟಿಗೆ ಹತ್ತುವ ಮೊದಲು ಕಾರೆಲ್ ಯೂನಾಸನ ತೋಳು ಹಿಡಿದ.

"ನಿಮ್ಮಕ್ಕಂಗೆ ಗಾಡಿ ಕೆಟ್ಟೋಯ್ತು ಅಂತ ಹೇಳು. ನನ್ನ ವಿಷಯ ಏನೂ ಬೇಡ. ಅವ್ಳಿಗೆ ಇನ್ನ ಸ್ವಲ್ಪ ದಿನ ಹೀಗೇ ಇರ್ಲಿ."

ಪಿಕಪ್ಪಿನ ಧೂಳನ್ನು ತಿನ್ನುತ್ತ ಯೂನಾಸ್ ಎಂಬತ್ತು ಕಿಲೋಮೀಟರೂ ಹಿಂದೆ ಬಂದ. ತನ್ನ ಗಾಡಿ ಆ ಸುಕ್ಕುಗಳ ಮೇಲೆ ನೀರಿನ ಮೇಲೆ ಹೋದಂತೆ ಹೋಗುತ್ತಿತ್ತು.

ಮಾಗ್ರೀತಾ ಅಂಗಳದಲ್ಲೇ ಸಿಕ್ಕಳು. ಗಂಡನನ್ನು ನೋಡಿದಳು, ಕಟ್ಟಿ ತಂದ ಗಾಡಿಯನ್ನು ನೋಡಿದಳು, ಕೊನೆಗೆ ತಮ್ಮನ ಕಡೆ ತಿರುಗಿದಳು. ಕಾರೆಲ್ ಬೆಂಚಿನ ಮೇಲೆ ಕೂತು ಬೂಟು ಬಿಚ್ಚುತ್ತಿದ್ದ.

"ಇಪ್ಪತ್ತು ವರ್ಷದಿಂದ ಸ್ಪ್ಯಾನರ್ ಹಿಡ್ಕೊಂಡಿದೀಯಲ್ಲೋ. ಸ್ವಂತ ಭಾವನ ಗಾಡಿ ಎಂಬತ್ತು ಕಿಲೋಮೀಟರ್ ಹೋಗೋ ಹಾಗೆ ಮಾಡಿಕೊಡೋಕೆ ಆಗ್ಲಿಲ್ವಾ? ನೋಡು, ಮುಖ ಹೇಗಾಗಿದೆ ಅವರ್ದು."

ಕಾಯಿಲೆಯ ವಿಷಯ ಹೇಳಿಬಿಡಲು ಯೂನಾಸ್ ಬಾಯಿ ತೆರೆದ. ಕಾರೆಲ್ ಬೂಟು ಬಿಚ್ಚುವುದನ್ನು ನಿಲ್ಲಿಸಿ ಅವನನ್ನೇ ನೋಡುತ್ತಿದ್ದ.

"ತಪ್ಪು ನಂದೇ ಅಕ್ಕ," ಅಂದ ಯೂನಾಸ್. "ಸ್ಪ್ರಿಂಗು ಬಿಗಿ ಮಾಡಿ ಕೊಟ್ಟೆ. ಅದಕ್ಕೇ ಹೀಗಾಯ್ತು."

ಅವಳು ಇನ್ನಷ್ಟು ಬೈದು, ಸೂಪು ಬಿಸಿ ಮಾಡುತ್ತೇನೆಂದು ಒಳಗೆ ಹೋದಳು. ಕಾರೆಲ್ ಗೋಡೆ ಹಿಡಿದು ಎದ್ದ. ಬರಿಗಾಲಲ್ಲಿ ಬಂದು ಯೂನಾಸನ ಹೆಗಲ ಮೇಲೆ ಕೈಯಿಟ್ಟ. ಆ ಕೈಗೆ ಭಾರವೇ ಇರಲಿಲ್ಲ.

"ಚೆನ್ನಾಗಿ ಹೇಳ್ದೆ," ಅಂದ ಮೆಲ್ಲಗೆ. "ಅವ್ಳು ನಂಬಿದ್ಲು."

"ನಾನು ನಿಜಾನೇ ಹೇಳ್ದೆ ಭಾವ."

"ಗೊತ್ತು ಗೊತ್ತು," ಎನ್ನುತ್ತ ಕಾರೆಲ್ ಒಳಗೆ ಹೋಗಿ ಚಳಿ ಬರದಂತೆ ಬಾಗಿಲು ಹಾಕಿಕೊಂಡ.