ಮೂರು ಗೀರಿನ ಸಿಲಿಂಡರ್

“ಏನೇ ಮುಂಡೆ, ಇದನ್ನ ತೊಳೆಯೋದು ಅಂತಾರಾ? ಇನ್ನೂ ಜಿಡ್ಡು ಹಂಗೇ ಇದೆಯಲ್ಲೇ!”

ವಾರಂಟಿ ಸಾಹೇಬ ಸಿಲಿಂಡರನ್ನು ನನ್ನ ಬಕೆಟ್ಟಿಗೆ ಎಸೆದ. ಸೀಮೆಎಣ್ಣೆ ಚಿಮ್ಮಿ ಕಣ್ಣಿಗೇ ಬಿತ್ತು. ಸೆರಗಿನಿಂದ ಒರೆಸಿಕೊಂಡು ಮತ್ತೆ ಬ್ರಷ್ ಹಿಡಿದೆ. ಅವನು ಮುಂಡೆ ಎಂದಾಗಲೆಲ್ಲ ಮನೆಯಲ್ಲಿ ಗಟ್ಟಿಮುಟ್ಟಾಗಿರುವ ನನ್ನ ಗಂಡನಿಗೆ ಬಿಕ್ಕಳಿಕೆ ಬರುತ್ತದೋ ಏನೋ, ಒಂದು ದಿನ ಕೇಳಬೇಕು.

“ಮಧ್ಯಾಹ್ನ ಇನ್‌ಸ್ಪೆಕ್ಟರ್ ಬರ್ತಾರೆ. ಅಷ್ಟರೊಳಗೆ ಎಲ್ಲಾ ಮುಗೀಬೇಕು. ಆ ಮುದಿಗೂಬೆಗೂ ಹೇಳು.”

ಮುದಿಗೂಬೆ ಎಂದರೆ ಸುತ್ತಿಗೆ ತಾತ. ಮೂರು ಮಾರು ದೂರದಲ್ಲೇ ಕೂತಿದ್ದ ಅವನಿಗೆ ಎಲ್ಲವೂ ಕೇಳಿಸಿತ್ತು. ಬಾಯಲ್ಲಿದ್ದ ಬೀಡಿಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸಿದ, ಅಷ್ಟೇ.

ನಮ್ಮದು ಕಾರು ಮಾರುವ, ಮಾರಿದ್ದನ್ನು ರಿಪೇರಿ ಮಾಡುವ ದೊಡ್ಡ ಶೋರೂಮು. ಮುಂದೆ ಗಾಜು, ಹೂಕುಂಡ, ಟೈ ಕಟ್ಟಿದವರು. ಹಿಂದೆ ತಗಡಿನ ಶೆಡ್ಡು, ನಾನು, ತಾತ. ವಾರಂಟಿ ಮುಗಿಯುವ ಮೊದಲೇ ಕಾರಿನ ಯಾವುದಾದರೂ ಭಾಗ ಕೆಟ್ಟರೆ ಹೊಸದನ್ನು ಪುಕ್ಕಟೆ ಹಾಕಿಕೊಡುತ್ತಾರೆ. ಬಿಚ್ಚಿದ ಹಳೆಯದು ಕಂಪನಿಯ ಸೊತ್ತು. ಅದಕ್ಕೆ ಹಳದಿ ಚೀಟಿ ಕಟ್ಟಿ, ಯಾವ ಗಾಡಿಯದು, ಎಷ್ಟು ಓಡಿತ್ತು, ಏನು ರೋಗ ಎಂದೆಲ್ಲ ಬರೆದು ತಿಂಗಳಿಡೀ ಕಪಾಟಿನಲ್ಲಿ ಬೆಚ್ಚಗೆ ಮಲಗಿಸುತ್ತಾರೆ. ತಿಂಗಳ ಕೊನೆಗೆ ಕಂಪನಿಯ ಇನ್‌ಸ್ಪೆಕ್ಟರು ಬಂದು ನೋಡಿ ರುಜು ಹಾಕಬೇಕು. ಆಮೇಲೆ ತಾತ ಅದನ್ನು ಮೂರು ಏಟಿಗೆ ಪುಡಿ ಮಾಡಬೇಕು, ಮತ್ತೆ ಯಾರ ಗಾಡಿಗೂ ಸೇರದ ಹಾಗೆ. ಎರಡು ವರ್ಷದ ಹಿಂದೆ ತಾತನ ಹೆಬ್ಬೆರಳು ಇದೇ ಕೆಲಸದಲ್ಲಿ ಜಜ್ಜಿಹೋಯಿತು. ಹೆಬ್ಬೆರಳಿಗೆ ಯಾರೂ ಚೀಟಿ ಕಟ್ಟಲಿಲ್ಲ. ಹಳೆ ಬಟ್ಟೆ ಸುತ್ತಿಕೊಂಡು ಊಟದ ಹೊತ್ತಿಗೆಲ್ಲ ಮತ್ತೆ ಕೆಲಸಕ್ಕೆ ನಿಂತಿದ್ದ.

ಇದೆಲ್ಲ ಗೋಡೆಗೆ ಅಂಟಿಸಿರುವ ನಿಯಮ. ನಡೆಯುವುದು ಬೇರೆ. ಕೆಟ್ಟಿದ್ದರೂ ನೋಡಲು ಲಕ್ಷಣವಾಗಿರುವ ಭಾಗಗಳನ್ನು ನಾನು ಮೊದಲು ಸೀಮೆಎಣ್ಣೆಯಲ್ಲಿ, ಆಮೇಲೆ ಸೋಪಿನಲ್ಲಿ ತೊಳೆಯುತ್ತೇನೆ. ಸಾಹೇಬ ಅವನ್ನು ಹೊಸ ಡಬ್ಬಿಗೆ ಹಾಕಿ ಕೆಲವನ್ನು ಬಜಾರಿಗೆ, ಕೆಲವನ್ನು ನಮ್ಮದೇ ಸ್ಟೋರಿಗೆ ಕಳಿಸುತ್ತಾನೆ. ಕಿತ್ತ ಹಳದಿ ಚೀಟಿಗಳನ್ನು ಗುಜರಿ ಕಬ್ಬಿಣಕ್ಕೆ ಕಟ್ಟುತ್ತಾನೆ. ಇನ್‌ಸ್ಪೆಕ್ಟರು ಮೂಗಿಗೆ ಕರ್ಚೀಫು ಹಿಡಿದು ಬಾಗಿಲಲ್ಲೇ ನಿಂತು ಚೀಟಿ ಎಣಿಸುತ್ತಾನೆ. ತಾತ ಸತ್ತ ಹಾವಿಗೆ ಬಡಿದ ಹಾಗೆ ಆ ಗುಜರಿಗೇ ಬಡಿಯುತ್ತಾನೆ. ಫೋಟೋ ತೆಗೆದುಕೊಂಡು ಎಲ್ಲರೂ ಒಳಗೆ ಹೋಗಿ ತಂಪಾಗಿ ಕೂರುತ್ತಾರೆ.

ನನಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಬೀದಿಯಲ್ಲಿ ಹೋಗುವ ಮಾರಿ, ನಮಗೇಕೆ ಎಂದು ಸುಮ್ಮನಿದ್ದೆ. ನನ್ನ ಜಾಣತನ ಏನಿದ್ದರೂ ನನ್ನ ಬೈಗುಳ ತಪ್ಪಿಸಿಕೊಳ್ಳುವುದಕ್ಕೆ. ಒಮ್ಮೆ ಸಾಹೇಬ ತೊಳೆದದ್ದನ್ನೇ ತೊಳೆದಿಲ್ಲ ಎಂದು ಊಟಕ್ಕೂ ಬಿಡದೆ ಎಲ್ಲವನ್ನೂ ಮತ್ತೆ ತೊಳೆಸಿದ್ದ. ಅಂದಿನಿಂದ ತೊಳೆದು ಮುಗಿಸಿದ ಪ್ರತಿಯೊಂದಕ್ಕೂ ಬಾಯಂಚಿನ ಕೆಳಗೆ, ಯಾರ ಕಣ್ಣಿಗೂ ಬೀಳದ ಕಡೆ, ಮೊಳೆಯಿಂದ ಮೂರು ಗೀರು ಎಳೆದಿಡುತ್ತೇನೆ. ಸಾಹೇಬರುಗಳು ಅರ್ಧ ಹಾಳೆ ರುಜು ಹಾಕುತ್ತಾರೆ. ನನ್ನದು ಮೂರೇ ಗೀರು.

ಹೋದ ವಾರ ಮಾರಿ ನಮ್ಮ ಮನೆಗೇ ಬಂತು.

ನನ್ನ ಅಣ್ಣ ಸಾಮಾನು ಸಾಗಿಸುವ ವ್ಯಾನ್ ಓಡಿಸುತ್ತಾನೆ. ನಮ್ಮ ಕಂಪನಿಯೇ ತಯಾರಿಸಿದ ವ್ಯಾನು. ಇಳಿಜಾರಿನಲ್ಲಿ ಬ್ರೇಕು ಹಿಡಿಯದೆ ದರ್ಜಿ ಅಂಗಡಿಗೆ ನುಗ್ಗಿದ. ದರ್ಜಿಯ ಭುಜ ಮುರಿಯಿತು, ಅಣ್ಣನ ಕಾಲು ಮುರಿಯಿತು. ಕುಡಿದು ಓಡಿಸಿದ ಎಂದು ಪೊಲೀಸರು ಬರೆದುಕೊಂಡರು. ಕಾಫಿ ಕುಡಿದರೂ ಎದೆಯುರಿ ಎನ್ನುವ ಪ್ರಾಣಿ ಅದು! ಈಗ ಆಸ್ಪತ್ರೆಯಲ್ಲಿ ಒಂದು ಕಾಲಿಗೆ ಪಟ್ಟಿ, ಒಂದು ಕೈಗೆ ಬೇಡಿ.

“ಬ್ರೇಕ್ ತುಳಿದೆ ಕಣೇ,” ಎಂದ ನನ್ನನ್ನು ನೋಡಿದ್ದೇ. “ಕಾಲು ಸೀದಾ ನೆಲಕ್ಕೆ ಹೋಯ್ತು. ಹೊಸಾ ಸಿಲಿಂಡರ್ ಹಾಕ್ಸಿ ಹತ್ತು ದಿನಾನೂ ಆಗಿಲ್ಲ. ಡಬ್ಬಿ ಒಡೆದಿದ್ದು ನನ್ನೆದುರಿಗೇ.”

ಪೊಲೀಸರು ವ್ಯಾನಿನ ಕಡೆ ತಿರುಗಿಯೂ ನೋಡಿರಲಿಲ್ಲ. ಬಜಾರಿನಿಂದ ತಂದು ಹಾಕಿಕೊಟ್ಟಿದ್ದ ಮೆಕ್ಯಾನಿಕ್ಕೇ ಅದರ ಸಿಲಿಂಡರ್ ಬಿಚ್ಚಿ ನನ್ನ ಕೈಗಿಟ್ಟ. ಬ್ರೇಕು ತುಳಿದಾಗ ಎಣ್ಣೆಯನ್ನು ಗಾಲಿಗಳಿಗೆ ತಳ್ಳುವುದು ಇದೇ. ಅಭ್ಯಾಸಬಲದಿಂದ ಬಾಯಂಚಿನ ಕೆಳಗೆ ಹೆಬ್ಬೆರಳು ಆಡಿಸಿದೆ. ಒಂದು, ಎರಡು, ಮೂರು. ಅಣ್ಣನ ಕಾಲು ಮುರಿದದ್ದರಲ್ಲಿ ನನ್ನ ಸೋಪಿನ ಪಾಲೂ ಇತ್ತು. ಅವತ್ತಿನಷ್ಟು ನಾಚಿಕೆ ನನಗೆ ಯಾವತ್ತೂ ಆಗಿಲ್ಲ.

ಠಾಣೆಗೆ ಹೋದೆ. “ಪಾರ್ಟು ಕೆಟ್ಟಿದ್ದು ಅಂತ ಕಂಪನಿಯವರು ಬರೆದು ರುಜು ಹಾಕ್ಕೊಡ್ಲಿ, ಆಮೇಲೆ ನೋಡೋಣ. ಹೋಗಮ್ಮ,” ಎಂದರು.

ಅದಕ್ಕೇ ಈವತ್ತು ಆ ಸಿಲಿಂಡರ್ ನನ್ನ ಊಟದ ಚೀಲದಲ್ಲಿ ಬಂದಿತ್ತು. ನಮ್ಮ ಗೇಟಿನಲ್ಲಿ ಹೊರಗೆ ಹೋಗುವಾಗ ಮೈಯೆಲ್ಲ ತಡಕುತ್ತಾರೆ, ಒಳಗೆ ಬರುವಾಗ ಕೇಳುವವರಿಲ್ಲ. ಬಡವರು ಒಳಗೆ ಏನನ್ನಾದರೂ ತಂದಾರು ಎಂದು ಯಾರಿಗೆ ಅನುಮಾನ? ಒಂದು ಖಾಲಿ ಹಳದಿ ಚೀಟಿ ಎತ್ತಿಕೊಂಡು, ಏಳನೇ ಕ್ಲಾಸಿನವರೆಗೆ ಕಲಿತ ಅಕ್ಷರದಲ್ಲಿ ತುಂಬಿಸಿದೆ. ಅದನ್ನು ಸಿಲಿಂಡರಿಗೆ ಕಟ್ಟಿ, ಬಾಗಿಲಿಗೆ ಹತ್ತಿರದ ಕಪಾಟಿನಲ್ಲಿ ಎಲ್ಲಕ್ಕಿಂತ ಮುಂದೆ ಇಟ್ಟೆ.

ಇನ್‌ಸ್ಪೆಕ್ಟರು ಬಂದ. ಕರ್ಚೀಫಿನೊಳಗಿಂದಲೇ ಓದಿದ.

“ಗಾಡಿ, ನಮ್ಮ ಅಣ್ಣನದು. ಓಡಿದ್ದು, ಹತ್ತು ದಿನ. ರೋಗ, ಬ್ರೇಕ್ ಹಿಡಿಯುವುದಿಲ್ಲ. ಕೆಡಿಸಿದ್ದು, ಇಬ್ಬರು ಮನುಷ್ಯರನ್ನು... ಏನ್ರೀ ಇದು, ತಮಾಷೆನಾ?”

“ಅಲ್ಲ ಸಾರ್,” ನಾನೇ ಮುಂದೆ ಬಂದೆ. “ಹೋದ ತಿಂಗಳು ಪುಡಿ ಆಯ್ತು ಅಂತ ನೀವೇ ರುಜು ಹಾಕಿದ್ದು. ಬಾಯಿ ಕೆಳಗೆ ಮೂರು ಗೀರು ನೋಡಿ, ನನ್ನ ಕೈಯವು. ನಾನು ತೊಳೆದೆ, ಇವರು ಮಾರಿದ್ರು, ನಮ್ಮಣ್ಣ ಕಾಲು ಮುರ್ಕೊಂಡ. ಕೆಟ್ಟಿದ್ದು ಅಂತ ಒಂದು ರುಜು ಹಾಕ್ಕೊಡಿ, ಅಷ್ಟು ಸಾಕು.”

ಇನ್‌ಸ್ಪೆಕ್ಟರು ಗೀರನ್ನು ನೋಡಲಿಲ್ಲ. ಸಾಹೇಬನ ಮುಖ ನೋಡಿದ. ಹೋದ ತಿಂಗಳ ರುಜು ತನ್ನದೇ ತಾನೇ.

“ಇದು ಲಿಸ್ಟಲ್ಲಿ ಇಲ್ಲ. ಒಡೆಸಿ ಹಾಕ್ರಿ.”

“ಒಡಿಯೋ ಮುದಿಯಾ!” ಸಾಹೇಬ ಅಬ್ಬರಿಸಿದ. “ಬೋಳಿಮಗನೆ, ಏನು ನೋಡ್ತಾ ನಿಂತಿದ್ದೀಯ?”

ತಾತ ಸಿಲಿಂಡರನ್ನು ನೋಡಿದ, ನನ್ನನ್ನು ನೋಡಿದ. ಸುತ್ತಿಗೆಯನ್ನು ನೆಲಕ್ಕಿಟ್ಟು ಅದರ ಮೇಲೆ ಕಾಲಿಟ್ಟ.

“ಗುಜರಿ ಬಡಿದೂ ಬಡಿದೂ ಅಭ್ಯಾಸ ತಪ್ಪೋಗಿದೆ ಸಾರ್. ನಿಜವಾದ ಪಾರ್ಟು ಒಡೆಯೋಕೆ ಕೈ ಏಳ್ತಿಲ್ಲ.”

ಸಾಹೇಬ ನನ್ನತ್ತ ನುಗ್ಗಿದ. ನಾನು ಸಿಲಿಂಡರನ್ನು ಕಪಾಟಿನಿಂದ ಎತ್ತಿ ಹೊಟ್ಟೆಗೆ ಅವುಚಿಕೊಂಡು ಗೋಡೆಗೆ ಒರಗಿದೆ. “ಬನ್ನಿ, ಹೊಟ್ಟೆ ಸೇರಿಸೇ ಒಡೀರಿ,” ಎಂದೆ. ಸರ್ವೀಸಿನ ಹುಡುಗರು ಒಬ್ಬೊಬ್ಬರಾಗಿ ಬಂದು ಬಾಗಿಲಲ್ಲಿ ನಿಂತಿದ್ದರು. ಇನ್‌ಸ್ಪೆಕ್ಟರಿಗೆ ಗಲಾಟೆ ಬೇಡವಾಗಿತ್ತು.

“ಬಿಡ್ರಿ, ಆಮೇಲೆ ನೋಡ್ಕೊಳ್ಳಿ. ಸರ್ವೀಸಿಗೆ ಬಿಟ್ಟಿದ್ದ ನನ್ನ ಕಾರು ಆಯ್ತಾ?”

“ಆಯ್ತು ಸಾರ್! ಬ್ರೇಕೂ ಸರಿ ಮಾಡಿಸಿದ್ದೀನಿ. ನಮ್ಮ ಸ್ಟೋರಿಂದ ಹೊಚ್ಚಹೊಸ ಸಿಲಿಂಡರ್ ಹಾಕ್ಸಿದೀನಿ.”

ನನಗೆ ನಗು ತಡೆಯಲಾಗಲಿಲ್ಲ. ಅಳು ಬರಬೇಕಾದ ಹೊತ್ತಿನಲ್ಲಿ ಹೊಟ್ಟೆಯಿಂದ ನಗು ಬಂತು.

“ಯಾಕೇ ಹಲ್ಲು ಕಿರೀತೀಯ?” ಸಾಹೇಬ ಗದರಿದ.

“ಇದರ ಜೊತೇಲಿ ಇನ್ನೂ ಆರು ತೊಳೆದಿದ್ದೆ ಸಾರ್,” ಎಂದೆ ಇನ್‌ಸ್ಪೆಕ್ಟರನ ಕಡೆ ತಿರುಗಿ. “ಆರೂ ಸ್ಟೋರಿಗೇ ಹೋದ್ವು. ನಿಮ್ಮದು ನಿಜವಾಗ್ಲೂ ಹೊಸದೇ ಇರಬಹುದು. ಆದ್ರೆ ನಾನು ತೊಳೆದ್ರೆ ಹಂಗೇ ನೋಡಿ, ಇವರಿಗೇ ಗುರ್ತು ಸಿಗಲ್ಲ.”

ಶೆಡ್ಡಿನ ಮುಂದೆಯೇ ನಿಲ್ಲಿಸಿದ್ದ ಕಾರಿನ ಬಾಗಿಲಿಗೆ ಹೋಗಿದ್ದ ಇನ್‌ಸ್ಪೆಕ್ಟರನ ಕೈ ಅಲ್ಲೇ ನಿಂತಿತು. ಕರ್ಚೀಫು ಮೂಗಿನಿಂದ ಹಣೆಗೆ ಹೋಯಿತು.

“ಹೊಸದೇ ಏನ್ರೀ?”

“ಹೊಸದೇ ಸಾರ್, ತಾಯಾಣೆ!”

“ಹಂಗಾದ್ರೆ ನೀವೇ ಒಂದು ಸುತ್ತು ಹೋಗ್ಬನ್ನಿ. ಮುಂದಿನ ರಸ್ತೆ ಇಳಿಜಾರಿನ ತನಕ.”

“ನಾನಾ? ಬೆಳಗ್ಗೆಯಿಂದ ಯಾಕೋ ತಲೆ ಸುತ್ತು ಸಾರ್...”

ಹುಡುಗರು ಕಿಸಕ್ಕೆಂದರು. ಸಿಲಿಂಡರ್ ಬಿಚ್ಚಿಸಿ ಎಂದು ಇನ್‌ಸ್ಪೆಕ್ಟರು ಕೂಗಿದ. ಬಿಚ್ಚಿ ತಂದರು. ಅವನು ತಿರುಗಿಸಿ ತಿರುಗಿಸಿ ನೋಡಿದ. ಎಣ್ಣೆ, ಅಚ್ಚಿನ ಗೆರೆ, ಸ್ಪ್ಯಾನರಿನ ತರಚು, ಎಲ್ಲವೂ ಅವನಿಗೆ ಗೀರಿನ ಹಾಗೇ ಕಂಡವು.

“ಏನಮ್ಮಾ,” ಎಂದ. ಆ ಶೆಡ್ಡಿನಲ್ಲಿ ನನ್ನನ್ನು ಅಮ್ಮ ಎಂದು ಕರೆದದ್ದು ಅದೇ ಮೊದಲು. “ನೀನೇ ಸ್ವಲ್ಪ ನೋಡಿ ಹೇಳು.”

“ನೋಡ್ತೀನಿ ಸಾರ್. ಮೊದಲು ಚೀಟಿಗೆ ರುಜು.”

ಸಾಹೇಬ “ಬೇಡ ಸಾರ್!” ಎಂದು ಕಿರುಚಿದ. ಇನ್‌ಸ್ಪೆಕ್ಟರು ಅವನ ಕಡೆ ತಿರುಗದೆ, ಚೀಟಿಯನ್ನು ಕಾರಿನ ನೆತ್ತಿಯ ಮೇಲಿಟ್ಟು, ಕೆಟ್ಟ ಭಾಗ ಎಂದು ಬರೆದು ರುಜು ಗೀಚಿದ. ಮುದ್ರೆಯನ್ನೂ ಒತ್ತಿದ. ನಾನು ಮೂರು ಸಲ ಓದಿ, ಮಡಿಸಿ ರವಿಕೆಯೊಳಗೆ ಇಟ್ಟುಕೊಂಡೆ.

ಆಮೇಲೆ ಅವನ ಸಿಲಿಂಡರನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದೆ. ಒಂದು ಕಣ್ಣು ಮುಚ್ಚಿದೆ, ಇನ್ನೊಂದು ಮುಚ್ಚಿದೆ.

“ಬೆಳಗ್ಗೆ ಸಾಹೇಬ್ರು ಕಣ್ಣಿಗೆ ಸೀಮೆಎಣ್ಣೆ ಹಾರಿಸಿದ್ರಲ್ಲ ಸಾರ್,” ಎಂದೆ. “ಸರಿಯಾಗಿ ಕಾಣ್ತಾನೇ ಇಲ್ಲ.”

ಅವನದನ್ನು ಅವನ ಕೈಗಿಟ್ಟೆ. ಅಣ್ಣನದನ್ನು ಕಂಕುಳಲ್ಲಿ ಇಟ್ಟುಕೊಂಡು ಗೇಟಿನ ಕಡೆ ನಡೆದೆ. ನಿತ್ಯ ತಡಕುವ ಕಾವಲುಗಾರ ಬಾಯಿ ತೆರೆಯುವ ಮೊದಲೇ ಹಿಂದಿನಿಂದ ತಾತ ಕೂಗಿದ.

“ಬಿಡೋ ಅವಳನ್ನ! ಅದಕ್ಕೆ ಚೀಟಿ ಇದೆ.”