ಬಿಳಿ ಹತ್ತಿ ದಾರ

ಮುಖವಾಡದ ಬಲಗಣ್ಣಿನ ಸುತ್ತ ಹಳದಿ ರೆಕ್ಕೆ ಕೂರಿಸಿ ಇನ್ನೇನು ಎಡಗಣ್ಣಿಗೆ ತಿರುಗಿಸಬೇಕು, ಅಷ್ಟರಲ್ಲಿ ನನ್ನ ಗಂಡ ಫಿದೆನ್ಸಿಯೊ ಶಾಯಿ ಒಣಗದ ಪೋಸ್ಟರನ್ನು ತಂದು ನನ್ನ ಕತ್ತರಿಯ ಮೇಲೆಯೇ ಹಾಸಿದ. ಹೊಲಿಗೆ ಮೇಜಿನ ಮೇಲೆ ಏನೂ ಇಡಬೇಡ ಎಂದು ಇಪ್ಪತ್ತಾರು ವರ್ಷದಿಂದ ಹೇಳುತ್ತಿದ್ದೇನೆ.

ಪೋಸ್ಟರಿನ ನೆತ್ತಿಯಲ್ಲಿ ಎಂದಿನಂತೆ ಅವನೇ, ತನ್ನ ಕುಸ್ತಿಯ ಹೆಸರಿನಲ್ಲಿ: 'ಬೂದಿ ತೋಳ ಅರ್ಪಿಸುವ'. ಅವನ ಮಂಡಿಗಳೆರಡೂ ಹೋಗಿ ಅಖಾಡ ಬಿಟ್ಟು ಹನ್ನೊಂದು ವರ್ಷವಾಯಿತು. ಈಗ ನಮ್ಮೂರು ಪಚೂಕಾದಲ್ಲಿ ಭಾನುವಾರದ ಕುಸ್ತಿ ಏರ್ಪಡಿಸುವವನು ಅವನು. ಯಾರು ಯಾರ ಮೇಲೆ ಬೀಳಬೇಕು, ಯಾರು ಏಳಬೇಕು, ಎಲ್ಲ ಅವನ ಲೆಕ್ಕಾಚಾರ. ಆದರೂ ಮಾಂಸದಂಗಡಿಗೆ ಹೋಗುವಾಗ ತೋಳದ ಮುಖವಾಡ ಬೇಕೇ ಬೇಕು. ಒಳಗಿರುವವನು ಯಾರೆಂದು ಅಂಗಡಿಯವನಿಗೂ ಗೊತ್ತು, ಅಂಗಡಿಯ ನಾಯಿಗೂ ಗೊತ್ತು. ಮರ್ಯಾದೆಯಿಂದ 'ದೊನ್ ಫಿದೆನ್ಸಿಯೊ' ಎಂದು ಕರೆದರೆ ಮಾತ್ರ ಈ ಮಹಾಶಯ ತಿರುಗಿ ನೋಡುವುದಿಲ್ಲ.

ಕೆಳಗೆ ಕೆಂಪಕ್ಷರದಲ್ಲಿ: 'ಮುಖವಾಡಕ್ಕೆ ಎದುರು ತಲೆಗೂದಲು. ಮಿಂಚುಹುಳ – ಕಂಚಿನ ರಾಣಿ.'

ಮಿಂಚುಹುಳ ಎಂದರೆ ನಮ್ಮ ಮಗಳು ನಿದಿಯಾ. ರಾಣಿ ರಾಜಧಾನಿಯವಳು, ಮುಖವಾಡವಿಲ್ಲದವಳು. ಸೋತರೆ ಅವಳ ತಲೆ ಬೋಳಿಸುತ್ತಾರೆ. ಸೋತವಳು ನಿದಿಯಾ ಆದರೆ ಅಖಾಡದ ನಡುವೆ ಮಂಡಿಯೂರಿ, ತನ್ನ ಕೈಯಿಂದಲೇ ಲಾಡಿ ಬಿಚ್ಚಿ, ಹೆಸರು, ಊರು ಮೈಕಿನಲ್ಲಿ ಹೇಳಬೇಕು. ಕೂದಲು ವರ್ಷದಲ್ಲಿ ಬೆಳೆಯುತ್ತದೆ. ಹೋದ ಮುಖವಾಡವನ್ನು ಮತ್ತೆ ಹಾಕುವಂತಿಲ್ಲ.

"ಯಾರು ಸೋಲ್ತಾರೆ?" ಎಂದೆ.

"ರಾಣೀನೇ ಗೆಲ್ತಾಳೆ ಅಂತ ಅವಳ ಕಡೆಯವ್ರಿಗೆ ಮಾತು ಕೊಟ್ಟಾಗಿದೆ ಮುದುಕಿ. ನೀನು ಇನ್ನೊಂದು ಹೆಸರಿಗೆ ಇನ್ನೊಂದು ಹೊಲಿ. ಬಟ್ಟೆ ತಾನೆ?"

"ಹಾಗಾದ್ರೆ ಗಾಜಿನ ಪೆಟ್ಟಿಗೇಲಿ ಇಟ್ಟು ದಿನಾ ಒರೆಸ್ತೀಯಲ್ಲ ನಿಂದು, ಅದೇನು, ನಿಮ್ಮಜ್ಜಿ ಚರ್ಮಾನಾ?"

ಅದಕ್ಕೆ ಅವನು ಒಂದು ಗಂಟೆ ಉತ್ತರ ಕೊಟ್ಟ. ಮುಖ ಕಂಡರೆ ಜನಕ್ಕೆ ಮರುಕ ಹುಟ್ಟುತ್ತದಂತೆ, ರಾಜಧಾನಿಯ ದೊಡ್ಡ ಅಖಾಡದಲ್ಲಿ ಮಗಳಿಗೂ ಜಾಗ ಸಿಗುತ್ತದಂತೆ, ತನಗೂ ಸಿಗುತ್ತದಂತೆ. ಇಪ್ಪತ್ತು ವರ್ಷ ಕುಸ್ತಿಯಾಡಿದವನು ತನ್ನ ಮುಖವಾಡವನ್ನು ಒಮ್ಮೆಯಾದರೂ ಪಣಕ್ಕಿಟ್ಟಿದ್ದನೇ ಎಂದು ಕೇಳಿದೆ. ತೋಳದ ಮಾತೇ ಬೇರೆ ಎಂದ.

ನಿದಿಯಾ ಶಿಶುವಿಹಾರದಲ್ಲಿ ಪಾಠ ಹೇಳುತ್ತಾಳೆ. ಅಂಗಳದಲ್ಲಿ ಮಕ್ಕಳು ಮಿಂಚುಹುಳದ ಹಾಗೆ ಕೈ ಬಿಚ್ಚಿ ಜಿಗಿಯುವಾಗ ಇವಳು ಏನೂ ತಿಳಿಯದವಳ ಹಾಗೆ ನಿಂತು, ಬೀಳಬೇಡಿ ಎನ್ನುತ್ತಾಳಂತೆ. ಚಿಕ್ಕವಳಿದ್ದಾಗ ಮನೆಗೆ ಯಾರೇ ಬರಲಿ, ಇದೇ ಮೇಜಿನಡಿ ನುಸುಳಿ ನನ್ನ ಕಾಲು ಹಿಡಿದು ಕೂರುತ್ತಿದ್ದಳು. ಏಳನೆಯ ವರ್ಷ ಉಳಿದ ಚೂರುಗಳಿಂದ ಒಂದು ಮುಖವಾಡ ಹೊಲಿದುಕೊಟ್ಟೆ. ಮುಖ ಮುಚ್ಚಿದ ಮೇಲೆಯೇ ನನ್ನ ಮಗಳು ಹೊರಗೆ ಬಂದು ಜನರೆದುರು ನಿಂತದ್ದು. ಅಪ್ಪನಾದವನಿಗೆ ಇದು ನೆನಪಿಲ್ಲ. ಆ ದಿನಗಳಲ್ಲಿ ಅವನು ಪ್ರವಾಸದಲ್ಲಿದ್ದ.

ಮಧ್ಯಾಹ್ನ ಅವಳು ಬಂದಳು. ಆಲೂಗಡ್ಡೆ ತುಂಬಿದ, ಕಡುಬಿನಂಥ ಪಾಸ್ತೆಯ ಅಂಚು ಮುರಿದು ತಿಂದು ಉಳಿದದ್ದನ್ನು ಕಾಗದದಲ್ಲಿ ಸುತ್ತಿಟ್ಟಳು.

"ಆಗಲ್ಲ ಅಂತ ಹೇಳೇ," ಎಂದೆ.

"ಹೇಳಿ? ಏರ್ಪಡಿಸೋನಿಗೆ ಆಗಲ್ಲ ಅಂದವಳನ್ನ ಇನ್ಯಾರು ಕರೀತಾರೆ ಅಮ್ಮ? ಅದೂ ಅಪ್ಪನಿಗೇ." ಮುಖವಾಡದ ರೆಕ್ಕೆಯ ಮೇಲೆ ಬೆರಳಾಡಿಸಿದಳು. "ಕೊನೇ ಸಲ ಅಲ್ವಾ. ಚೆನ್ನಾಗಿ ಹೊಲಿ."

ಊಟಕ್ಕೆ ಕುಳಿತಾಗ ಫಿದೆನ್ಸಿಯೊ ತನ್ನ ಹಳೆಯ ಕಥೆ ತೆಗೆದ. ನನಗೆ ಬಾಯಿಪಾಠವಾದ ಕಥೆ. ರಾಜ್ಯದ ಪಟ್ಟಕ್ಕಾಗಿ ಅವನೂ ಪಚ್ಚೆ ಓತಿ ಎಂಬವನೂ ಸೆಣಸುತ್ತಿದ್ದರು. ಇವನು ಓತಿಯ ಕತ್ತಿನ ಹಿಂದಿನ ಲಾಡಿ ಹಿಡಿದು ಅಲ್ಲಾಡಿಸಿದ, ಮುಖವಾಡವೇ ಕಳಚಿ ಕೈಗೆ ಬಂತು. ಎದುರಾಳಿಯ ಮುಖವಾಡ ಕಿತ್ತವನು ಆ ಕ್ಷಣವೇ ಸೋತಂತೆ. ಅದನ್ನು ತೀರ್ಪುಗಾರನೂ ಬದಲಾಯಿಸಲಾರ. ಬದಲಾಯಿಸಿದರೆ ಜನ ಕುರ್ಚಿ ಮುರಿಯುತ್ತಾರೆ. ಓತಿ ಒಂದು ಕೈಯಲ್ಲಿ ಮುಖ ಮುಚ್ಚಿಕೊಂಡೇ ಇನ್ನೊಂದು ಕೈಯಲ್ಲಿ ಪಟ್ಟದ ಬೆಲ್ಟ್ ಎತ್ತಿ ಹಿಡಿದ. ಮರುದಿನ ಇವನು, ಆ ಮುಖವಾಡ ಹೊಲಿದವಳು ಯಾರು ಎಂದು ಕೂಗಾಡುತ್ತ ಸಂತೆಯ ನನ್ನ ಅಂಗಡಿಗೆ ಬಂದ. ನೈಲಾನ್ ಮುಗಿದಿತ್ತೆಂದು ಹಳೆಯ ಹತ್ತಿ ದಾರ ಹಾಕಿದ್ದೆ. ಮೂರು ತಿಂಗಳಲ್ಲಿ ನಮ್ಮ ಮದುವೆಯಾಯಿತು.

"ಒಂದು ದಾರ ನನ್ನ ಬದುಕೇ ಹಾಳು ಮಾಡ್ತು," ಎಂದು ಮುಗಿಸಿ, ಎರಡನೇ ಸಲಕ್ಕೆ ತಟ್ಟೆ ಚಾಚಿದ. ಬಡಿಸಿದೆ.

"ರಾಣೀನೂ ಲಾಡೀನೇ ಹಿಡೀತಾಳೆ," ಎಂದ ಬಾಯಿ ತುಂಬಿಕೊಂಡು. "ಗೋಣಿಚೀಲ ಕೊಡವಿದ ಹಾಗೆ ಕೊಡವ್ತಾಳೆ, ಜನಕ್ಕೆ ಅದು ಇಷ್ಟ. ಲಾಡಿ ತೂರಿಸೋ ಕಣ್ಣಿಗಳಿಗೆ ನೈಲಾನ್ ದಾರ ಹಾಕು. ಹಳೇದು ನೆನಪಿದೆ ತಾನೆ?"

"ನೆನಪಿದೆ," ಎಂದೆ.

ಪೋಸ್ಟರುಗಳನ್ನು ಕಂಕುಳಲ್ಲಿಟ್ಟು, ತೋಳದ ಮುಖ ಏರಿಸಿಕೊಂಡು ಅವನು ಹೊರಟ. ಗಾಳಿಗೆ ಒಂದು ಪೋಸ್ಟರ್ ಹಾರಿ ಅವನ ಮುಖಕ್ಕೇ ಅಂಟಿತು. ಕಿಟಕಿಯಲ್ಲಿ ನೋಡಿದೆ, ನಗು ಬರಲಿಲ್ಲ.

ಬಿಸ್ಕತ್ತಿನ ಡಬ್ಬಿಯಲ್ಲಿ ಗುಂಡಿಗಳ ಅಡಿಗೆ ಆ ಹತ್ತಿ ದಾರದ ಉರುಳೆ ಇನ್ನೂ ಇತ್ತು. ಯಾಕೆ ಇಟ್ಟುಕೊಂಡಿದ್ದೆನೋ. ಬಿಳುಪು ಹೋಗಿ ಹಾಲಿನ ಕೆನೆಯ ಬಣ್ಣವಾಗಿತ್ತು. ಒಂದು ಗೇಣು ಎಳೆದು ಜಗ್ಗಿದೆ. ಮೊದಲ ಸಲ ತಡೆಯಿತು, ಎರಡನೆಯ ಸಲಕ್ಕೆ ತುಂಡಾಯಿತು.

ನೋಡುವವರ ಕಣ್ಣಿಗೆ ಲಾಡಿ ನೈಲಾನಿನದೇ, ಹೊಸದು, ಗಟ್ಟಿ. ಅದನ್ನು ಹಿಡಿದಿರುವ ಕಣ್ಣಿಗಳನ್ನು ಒಳಮಗ್ಗುಲಿನಿಂದ ಹತ್ತಿ ದಾರದಲ್ಲಿ ಹೊಲಿಯತೊಡಗಿದೆ, ಒಂದೊಂದಕ್ಕೆ ಮೂರೇ ಹೊಲಿಗೆ.

"ಅಮ್ಮ, ಆಯ್ತಾ?" ಎಂದಳು ನಿದಿಯಾ ಅಡುಗೆಮನೆಯಿಂದ.

"ಆಗ್ತಾ ಬಂತು."

ಭಾನುವಾರ ನಾನೂ ಅಖಾಡದ ಹಗ್ಗದ ಪಕ್ಕದಲ್ಲೇ ನಿಲ್ಲಬೇಕು. ಮನೆಯಲ್ಲಿರುವ ಟವೆಲುಗಳಲ್ಲೆಲ್ಲ ದೊಡ್ಡದನ್ನು, ಒಂದು ಮುಖ ಪೂರ್ತಿ ಮುಚ್ಚುವಂಥದನ್ನು, ತೆಗೆದುಕೊಂಡು ಹೋಗಬೇಕು.